ನೆಟ್ ಸ್ಲೋ ಆಯ್ತಾ? ಕಂಪನಿಗೆ ಬೈಯೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಮಳೆಗಾಲ ಶುರುವಾದ್ರೆ ಸಾಕು, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಲ್ರ ಬಾಯಲ್ಲೂ ಒಂದೇ ಮಾತು, "ಕಂಪನಿಯವ್ರು ಬೇಕಂತ್ಲೇ ಸ್ಪೀಡ್ ಕಟ್ ಮಾಡ್ತಾರೆ ಮಾರಾಯ್ರೆ." ಮಾಡ್ತಾರೆ, ಸುಳ್ಳಲ್ಲ. ಆದ್ರೆ ಅದನ್ನ ಹಿಡಿಯೋದು ಹೇಗೆ ಅಂತ ಗೊತ್ತಿಲ್ದೆ, ಒಳಕೋಣೆಲಿ ಮಲ್ಕೊಂಡು ಮೊಬೈಲಲ್ಲಿ ಒಂದ್ಸಲ ಸ್ಪೀಡ್ ಟೆಸ್ಟ್ ಮಾಡಿ, ಸ್ಕ್ರೀನ್‌ಶಾಟ್ ತೆಗ್ದು ಲೈನ್‌ಮ್ಯಾನ್‌ಗೆ ವಾಟ್ಸಾಪ್ ಮಾಡಿ ಜಗಳ ಆಡೋರೇ ಜಾಸ್ತಿ. ಆ ಸ್ಕ್ರೀನ್‌ಶಾಟ್ ಎಂತಕ್ಕೂ ಬರಲ್ಲ.

ಮೊದಲು ಪ್ಲಾನ್ ಓದಿ. ಅನ್‌ಲಿಮಿಟೆಡ್ ಅಂತ ದೊಡ್ಡದಾಗಿ ಬರ್ದಿರ್ತಾರೆ, ಕೆಳಗೆ ಸಣ್ಣಕ್ಷರದಲ್ಲಿ ಎಫ್‌ಯುಪಿ ಅಂತ ಇರುತ್ತೆ, ಅಂದ್ರೆ ಪೂರ್ತಿ ಸ್ಪೀಡಲ್ಲಿ ಇಷ್ಟೇ ಡೇಟಾ ಅನ್ನೋ ಮಿತಿ. ಸುಮಾರು ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ, ಅದು ಮುಗಿದ್ಮೇಲೆ ಸ್ಪೀಡ್ ಇಳಿಸ್ತಾರೆ, ಇದು ನಿಯಮದ ಒಳಗೇ ಇರೋ ಕಡಿತ. ಮೊಬೈಲ್ ಪ್ಲಾನಲ್ಲಿ ದಿನದ ಡೇಟಾ ಖಾಲಿ ಆದ್ರೆ ಹೆಚ್ಚಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಅಂದ್ರೆ 3 ಎಂಬಿ ಫೋಟೋ ಒಂದು ಹೋಗೋಕೆ ಆರು ನಿಮಿಷ ಬೇಕು. ಇನ್ನೊಂದು, 40 ಎಂಬಿಪಿಎಸ್ ಪ್ಲಾನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 5 ಎಂಬಿ ತೋರ್ಸಿದ್ರೆ ಅದು ಪೂರ್ತಿ ಸ್ಪೀಡೇ, ಎಂಬಿಪಿಎಸ್ ಅನ್ನೋದು ಬಿಟ್ ಲೆಕ್ಕ, ಎಂಬಿ ಅನ್ನೋದು ಬೈಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸ್ಬೇಕು, ಅಲ್ಲಿ ಮೋಸ ಇಲ್ಲ.

ಈಗ ಟೆಸ್ಟ್. ಎಲ್ರೂ ಎಡವೋದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ. ವೈಫೈ ಮೇಲೆ ಟೆಸ್ಟ್ ಮಾಡ್ಬೇಡಿ. ನಮ್ಮ ಕಡೆ ಹಳೇ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ದಪ್ಪ ನೋಡಿದೀರಲ್ಲ, ಜಗಲಿಲಿ ಇರೋ ರೌಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಅಡುಗೆಮನೆ ಮುಟ್ಟೋಷ್ಟ್ರಲ್ಲಿ ಸತ್ತೇ ಹೋಗಿರುತ್ತೆ, 2.4 ಮುಟ್ಟುತ್ತೆ ಆದ್ರೆ ಅದ್ರ ವೇಗವೇ ಕಮ್ಮಿ. ಒಂದು ಲ್ಯಾನ್ ಕೇಬಲ್ ತಗೊಂಡು ಲ್ಯಾಪ್‌ಟಾಪನ್ನ ನೇರ ರೌಟರಿಗೆ ಸಿಕ್ಸಿ. ಕ್ಯಾಟ್ 5ಇ ಕೇಬಲ್ ಸಾಕು. ಹೆಸರಿಲ್ಲದ ಚಪ್ಪಟೆ ಕೇಬಲ್ ತರ್ಬೇಡಿ, ಅದ್ರ ಕ್ಲಿಪ್ ಬೇಗ ಮುರಿಯುತ್ತೆ. ಮನೆಯವ್ರ ಫೋನ್, ಟಿವಿ ಎಲ್ಲದರ ವೈಫೈ ಆಫ್ ಮಾಡ್ಸಿ, ಲ್ಯಾಪ್‌ಟಾಪಲ್ಲಿ ಫೋಟೋ ಬ್ಯಾಕಪ್ಪು ಅಪ್‌ಡೇಟು ನಡೀತಿದ್ರೆ ನಿಲ್ಸಿ.

ಆಮೇಲೆ ಒಂದೇ ಟೆಸ್ಟ್ ನಂಬ್ಬೇಡಿ. ಸ್ಪೀಡ್‌ಟೆಸ್ಟ್ ಆ್ಯಪ್‌ಗಳು ಹತ್ತಿರದ ಸರ್ವರ್ ಆರಿಸ್ಕೊಳ್ತವೆ, ಎಷ್ಟೋ ಸಲ ಅದು ನಿಮ್ಮ ಕಂಪನಿದೇ ಸರ್ವರ್ ಆಗಿರುತ್ತೆ, ಅಲ್ಲಿ ಸ್ಪೀಡ್ ಚೆನ್ನಾಗಿ ಬರದೆ ಇನ್ನೇನು! ಸರ್ವರ್ ಬದಲಾಯ್ಸಿ ಚೆನ್ನೈದು, ಮುಂಬೈದು ಹಾಕಿ ನೋಡಿ. ಫಾಸ್ಟ್ ಡಾಟ್ ಕಾಮ್ ಸಹ ಹಾಕಿ, ಅದು ನೆಟ್‌ಫ್ಲಿಕ್ಸ್‌ನವ್ರದ್ದು, ಅವ್ರ ಸರ್ವರಿಂದ್ಲೇ ಅಳೆಯುತ್ತೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಮೂರ್ನಾಲ್ಕು ದಿನ ಹೀಗೇ ಮಾಡಿ ಒಂದು ಹಾಳೆಲಿ ಬರ್ಕೊಳ್ಳಿ.

ಆ ಹಾಳೆ ನೋಡಿದ್ರೆ ಅರ್ಧ ಗೊತ್ತಾಗಿಬಿಡುತ್ತೆ. ಹಗಲು ರಾತ್ರಿ, ಯಾವ ಸರ್ವರ್ ಹಾಕಿದ್ರೂ ಸ್ಪೀಡ್ 2 ಅಥವಾ 4 ಎಂಬಿಪಿಎಸ್ ಮೇಲೆ ಅಲ್ಲಾಡ್ದೆ ನಿಂತಿದ್ಯಾ, ಎಫ್‌ಯುಪಿ ಮುಗಿದಿದೆ, ಕಂಪನಿ ಆ್ಯಪಲ್ಲಿ ಡೇಟಾ ಬಳಕೆ ನೋಡಿ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಬೀಳ್ತಿದ್ರೆ ಅದು ದಟ್ಟಣೆ, ಇಡೀ ಊರು ಒಟ್ಟಿಗೆ ಸೀರಿಯಲ್ಲು ಕ್ರಿಕೆಟ್ಟು ನೋಡೋ ಹೊತ್ತು, ದೊಡ್ಡ ಪ್ಲಾನ್ ತಗೊಳ್ಳಿ ಅಂತ ಏಜೆಂಟ್ ಹೇಳಿದ್ರೂ ತಗೋಬೇಡಿ, ಉಪಯೋಗ ಆಗೋದು ಅನುಮಾನ. ಹೊತ್ತು ಗೊತ್ತಿಲ್ದೆ ಏರಿಳಿತ ಆಗ್ತಿದ್ರೆ, ಗಾಳಿ ಮಳೆ ಆದ್ಮೇಲೆ ಜಾಸ್ತಿ ಆದ್ರೆ, ಲೈನಿಂದೇ ಸಮಸ್ಯೆ. ಕರೆಂಟ್ ಕಂಬದ ಮೇಲೆ ನೇತಾಡ್ಕೊಂಡು ಬಂದ ಫೈಬರ್ ಮೇಲೆ ಮರದ ಕೊಂಬೆ ಬಿದ್ದಿರುತ್ತೆ ಇಲ್ಲ ಎಲ್ಲೋ ಮಡಚ್ಕೊಂಡಿರುತ್ತೆ. ಲೈನ್‌ಮ್ಯಾನ್ ಬಂದಾಗ ಫೈಬರಲ್ಲಿ ಬರೋ ಬೆಳಕು ಅಳೆಯೋ ಪವರ್ ಮೀಟರ್ ಹಾಕ್ಸಿ, ಮೈನಸ್ 27 ಡಿಬಿಎಂಗಿಂತ ಕೆಳಗೆ, ಅಂದ್ರೆ ಮೈನಸ್ 28, 29 ತೋರ್ಸಿದ್ರೆ ಜಾಯಿಂಟ್ ಹೊಸದಾಗಿ ಮಾಡ್ಲೇಬೇಕು.

ಉಳಿದಿದ್ದು ನಿಜವಾದ ಕಿತಾಪತಿ. ಎಲ್ಲ ಸೈಟ್ ಓಡ್ತಿದೆ, ಒಂದು ವಿಡಿಯೋ ಸೈಟ್ ಮಾತ್ರ ತೆವಳ್ತಿದೆ. ಆಗ ವಿಪಿಎನ್, ಅಂದ್ರೆ ನಿಮ್ಮ ನೆಟ್ಟನ್ನ ಬೇರೆ ಸರ್ವರ್ ಮೂಲಕ ಮುಚ್ಚಿ ಕಳ್ಸೋ ಆ್ಯಪ್, ಹಾಕಿ ಅದೇ ವಿಡಿಯೋ ನೋಡಿ. ವಿಪಿಎನ್ ಇದ್ರೆ ನೀವು ಯಾವ ಸೈಟಿಗೆ ಹೋಗ್ತಿದೀರಿ ಅಂತ ಕಂಪನಿಗೆ ಕಾಣಲ್ಲ, ಹಾಗಾಗಿ ಸರಿ ಹೋಯ್ತು ಅಂದ್ರೆ ಅನುಮಾನ ಪಡ್ಬಹುದು. ಅನುಮಾನ ಅಷ್ಟೇ, ಯಾಕಂದ್ರೆ ಆ ಸೈಟಿಗೆ ಹೋಗೋ ದಾರಿನೇ ಕೆಟ್ಟಿದ್ರೂ ಹೀಗೇ ಕಾಣುತ್ತೆ. ಪುಕ್ಕಟೆ ವಿಪಿಎನ್ ಬೇಡ್ವೇ ಬೇಡ, ಅವೇ ನಿಧಾನ. ಪ್ಲೇಸ್ಟೋರಿನ "ನೆಟ್ ಬೂಸ್ಟರ್" ಆ್ಯಪ್‌ಗಳು ಜಾಹೀರಾತು ತೋರ್ಸೋಕೆ ಮಾತ್ರ ಇರೋದು. ಎಫ್‌ಯುಪಿ ಮುಗಿದಿದ್ರೆ ಯಾವ ವಿಪಿಎನ್ನೂ ಏನೂ ಮಾಡಲ್ಲ.

ಒಂದು ಸೈಟನ್ನ ಮಾತ್ರ ನಿಧಾನ ಮಾಡೋದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ, 2018ರಲ್ಲಿ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿ, ಅಂದ್ರೆ ಎಲ್ಲ ಸೈಟನ್ನೂ ಒಂದೇ ಥರ ನೋಡ್ಬೇಕು ಅನ್ನೋ ತತ್ವ, ಒಪ್ಕೊಂಡು ಲೈಸೆನ್ಸ್ ಷರತ್ತಿಗೇ ಸೇರ್ಸಿದೆ. ಆದ್ರೆ "ಟ್ರಾಯ್‌ಗೆ ಬರೀತೀನಿ" ಅಂತ ಹೆದರ್ಸೋದ್ರಿಂದ ಲಾಭ ಇಲ್ಲ, ಟ್ರಾಯ್ ಅನ್ನೋದು ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡೋ ಸಂಸ್ಥೆ, ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ದೂರಿನ ಡಾಕೆಟ್ ನಂಬರ್ ತಗೊಳ್ಳಿ, ನಿಮ್ಮ ಹಾಳೆಲಿರೋ ಅಂಕಿ ಹೇಳಿ. ಸರಿ ಹೋಗ್ಲಿಲ್ಲ ಅಂದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅದಕ್ಕೆ ನೀವು ಫೀಸ್ ಕಟ್ಬೇಕಾಗಿಲ್ಲ, 39 ದಿನದೊಳಗೆ ಅವ್ರು ತೀರ್ಮಾನ ಹೇಳ್ಬೇಕು. ನಡುವೆ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜ್ ಬಂದು ಒಟಿಪಿ ಕೇಳಿದ್ರೆ, ಕೇಬಲ್ ಹಾಕಿ ರಾತ್ರಿ ಒಂಬತ್ತರ ಟೆಸ್ಟ್ ಇನ್ನೊಮ್ಮೆ ಮಾಡೋವರೆಗೂ ಕೊಡ್ಬೇಡಿ.