ಹೊಸ ಮನೆಯಲ್ಲಿ ಬಿರುಕು, ಸೋರಿಕೆ: ಪೇಂಟ್ ಡಬ್ಬ ತೆರೆಯುವ ಮುನ್ನ

ಆಷಾಢಕ್ಕೆ ಮೊದಲೇ ಗೃಹಪ್ರವೇಶ ಆಗಿಬಿಡಬೇಕು. ಹಾಗಾಗಿ ಗಿಲಾವು ಒಣಗುವ ಮೊದಲೇ ಪುಟ್ಟಿ, ಪುಟ್ಟಿ ಒಣಗುವ ಮೊದಲೇ ಬಣ್ಣ. ಮೈಸೂರು, ಮಂಡ್ಯದ ಹೊಸ ಬಡಾವಣೆಗಳಲ್ಲಿ ಬೇಸಿಗೆ ಬಂತೆಂದರೆ ಈ ಓಟ ಶುರು. ಮುಂಗಾರು ಹಿಡಿದ ಮೇಲೆ ಒಂದೊಂದೇ ಹೊರಬೀಳುತ್ತದೆ: ತಾರಸಿಯ ಮೂಲೆ ತೊಟ್ಟಿಕ್ಕುತ್ತದೆ, ಬಾತ್‌ರೂಮಿಗೆ ಅಂಟಿದ ಗೋಡೆಯ ಬಣ್ಣ ಉಬ್ಬುತ್ತದೆ, ಕಿಟಕಿ ಮೂಲೆಯಿಂದ ಒಂದು ಗೆರೆ ಮೇಲಕ್ಕೆ ಹತ್ತುತ್ತದೆ. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ ಉತ್ತರ ಸಿದ್ಧವಿರುತ್ತದೆ. "ಅದು ಏರ್ ಕ್ರ್ಯಾಕು ಸಾರ್, ಎಲ್ಲಾ ಹೊಸ ಮನೇಲೂ ಬರುತ್ತೆ. ಇನ್ನೊಂದು ಕೋಟ್ ಹೊಡೆಸಿಬಿಡೋಣ ಬಿಡಿ."

ಹೊಡೆಸಬೇಡಿ, ಈಗಲೇ ಅಂತೂ ಬೇಡ. ಬಣ್ಣ ಬಿದ್ದ ಮರುದಿನ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ, ಆರು ತಿಂಗಳಿಗೆ ಅದೇ ಜಾಗದಲ್ಲಿ ಅದೇ ಗೆರೆ ಮೂಡಿದಾಗ ಫೋನ್ ಎತ್ತುವವರೂ ಇರುವುದಿಲ್ಲ. ಇಂಥ ತಕರಾರುಗಳಲ್ಲಿ ಮನೆಯವರು ಸೋಲುವುದು ಕಾನೂನು ಗೊತ್ತಿಲ್ಲದ್ದರಿಂದ ಅಲ್ಲ. ಸಾಕ್ಷಿಯ ಮೇಲೆ ತಾವೇ ಸುಣ್ಣ ಬಳಿದಿರುವುದರಿಂದ.

ಮೊದಲು: ತೊಂದರೆ ಎಂಥದ್ದು ನೋಡಿಕೊಳ್ಳಿ

ಕಂಟ್ರಾಕ್ಟರು ಹೇಳುವುದು ಪೂರಾ ಸುಳ್ಳೇನಲ್ಲ. ಗಿಲಾವಿನ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಬಲೆ ಬಲೆಯಾಗಿ ಹಬ್ಬಿದ ಗೆರೆಗಳು ಸಾಮಾನ್ಯವಾಗಿ ನೀರು ಸರಿಯಾಗಿ ಹಾಯಿಸದೆ ಬೇಗ ಒಣಗಿದ್ದರ ಫಲ. ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ಸೇರುವ ಕಡೆ ನೇರವಾಗಿ ಇಳಿದ ಬಿರುಕು ಬಂದಿದ್ದರೆ ಅಲ್ಲಿ ಗಿಲಾವಿಗೆ ಮೊದಲು ಕೋಳಿ ಜಾಲರಿ ಹೊಡೆದಿಲ್ಲ ಎಂದು ಹೆಚ್ಚುಕಡಿಮೆ ಹೇಳಬಹುದು. ಇವೆರಡೂ ಕೆಟ್ಟ ಕೆಲಸವೇ. ಆದರೆ ಮನೆ ಬೀಳುವುದಿಲ್ಲ.

ನಿದ್ದೆ ಕೆಡಬೇಕಾದ್ದು ಬೇರೆಯವಕ್ಕೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಹತ್ತುವ, ಗೋಡೆಯ ಎರಡೂ ಮುಖದಲ್ಲಿ ಕಾಣುವ ಬಿರುಕು ಪಾಯ ಕುಸಿದಿದ್ದರಿಂದ ಬಂದಿರಬಹುದು. ಬೀಮಿನ ನಡುವೆ ಕೆಳಗಿನಿಂದ ಮೇಲಕ್ಕೆ ಹೋದ ಬಿರುಕು, ಮೋಲ್ಡಿನ ಅಡಿಯಲ್ಲಿ ಜಲ್ಲಿ ಹೊರಗೆ ಕಾಣುವ ಪೊಳ್ಳು, ಕಂಬಿಯ ಉದ್ದಕ್ಕೂ ತುಕ್ಕಿನ ಗೆರೆ ಇವೂ ಅಷ್ಟೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ ಪ್ರಕಾರ ಸ್ಲ್ಯಾಬಿನ ಕಂಬಿಗೆ ಕನಿಷ್ಠ 20 ಮಿ.ಮೀ., ಪಿಲ್ಲರಿನ ಕಂಬಿಗೆ 40 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. ಮೋಲ್ಡ್ ಹಾಕುವ ದಿನ ಕಂಬಿಯ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಅಳತೆಯ ತುಂಡು) ಇಡದೆ ಜಲ್ಲಿಕಲ್ಲಿನ ಚೂರು ಕೊಟ್ಟು ಕೆಲಸ ಮುಗಿಸಿದ್ದರೆ ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗಿಕೊಂಡೇ ಕೂತಿರುತ್ತದೆ.

ಬಿರುಕು ನಿಂತಿದೆಯೋ ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಹಳೆಯ ಉಪಾಯವೊಂದಿದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ನಡುವೆ ಬಣ್ಣ ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿಯಿಟ್ಟು ಎರಡೂ ಕೊನೆಯನ್ನು ಎಂ-ಸೀಲ್‌ನಿಂದ ಗಟ್ಟಿಯಾಗಿ ಅಂಟಿಸಿ. ಕೆಲವು ವಾರಗಳಲ್ಲಿ ಗಾಜು ಒಡೆದರೆ, ಗೆರೆ ಪೆನ್ಸಿಲ್ ಗುರುತನ್ನು ದಾಟಿದರೆ, ಗೋಡೆ ಇನ್ನೂ ಅಲುಗುತ್ತಿದೆ. ಒಡೆದ ಗಾಜಿನ ಫೋಟೋದ ಮುಂದೆ 'ಏರ್ ಕ್ರ್ಯಾಕು' ವಾದ ನಿಲ್ಲುವುದು ಕಷ್ಟ.

ಬಾತ್‌ರೂಮಿನ ಸೋರಿಕೆಗೆ ಬೇರೆ ಪರೀಕ್ಷೆ. ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ತೂತಿಗೆ) ಬಟ್ಟೆ ತುರುಕಿ ಬಾಯಿ ಮುಚ್ಚಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟ ಗುರುತು ಮಾಡಿ. ಒಂದು ದಿನ ಅಲ್ಲಿ ಯಾರೂ ಸ್ನಾನ ಮಾಡಬಾರದು. ಮರುದಿನ ಮಟ್ಟ ಚೆನ್ನಾಗಿ ಇಳಿದು ಕೆಳಗಿನ ಕೋಣೆಯ ಮೋಲ್ಡ್ ಒದ್ದೆಯಾಗಿದ್ದರೆ ವಾಟರ್‌ಪ್ರೂಫಿಂಗ್ ಸರಿ ಮಾಡಿಲ್ಲ. ನೀರು ಹಾಗೇ ನಿಂತಿದ್ದೂ ಗೋಡೆ ಒದ್ದೆಯಿದ್ದರೆ ಒಳಗಿನ ಪೈಪಿನ ಜಾಯಿಂಟ್ ಮೇಲೆ ಅನುಮಾನ ಪಡಿ. ಅದನ್ನು ಪ್ಲಂಬರ್ ಪ್ರೆಷರ್ ಟೆಸ್ಟ್‌ನಲ್ಲಿ ಹಿಡಿಯುತ್ತಾರೆ. ಟೈಲ್ಸಿಗೆ ಇಷ್ಟು ಕಷ್ಟವಿಲ್ಲ. ನಾಣ್ಯದಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಟೈಲಿಗೆಲ್ಲ ಚಾಕ್‌ಪೀಸಿನ ಗುರುತು ಹಾಕಿ.

ಮಂಡ್ಯದ ಸುತ್ತ ಗದ್ದೆ ಬಯಲಿನಲ್ಲಿ ಎದ್ದ ಬಡಾವಣೆಗಳದ್ದು ಇನ್ನೊಂದು ಪಾಡು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ನೆಲದ ತೇವವೂ ಏರುತ್ತದೆ, ಗೋಡೆಯ ಬುಡದಲ್ಲಿ ಉಪ್ಪಿನ ಹುಡಿ ಎದ್ದು ಬಣ್ಣ ಉದುರುತ್ತದೆ. ಪ್ಲಿಂತ್ ಮೇಲೆ ತೇವ ತಡೆಯುವ ಪದರ ಹಾಕುವ ಮಾತು ಕರಾರಿನಲ್ಲಿತ್ತೇ, ಹಾಕಿದ್ದಾರೆಯೇ ಎಂಬುದೇ ಇಲ್ಲಿ ಮುಖ್ಯ. 'ಈ ನೆಲವೇ ಹಂಗೆ' ಎಂಬ ಸಮಜಾಯಿಷಿ ಒಪ್ಪಬೇಡಿ. ನೆಲ ಹಾಗಿರುವುದು ಪಾಯ ತೋಡಿದ ದಿನವೇ ಅವರಿಗೆ ಕಂಡಿದೆ.

ಎರಡನೆಯದು: ಕಾಗದ ಕೂಡಿಸಿ

ಕರಾರು ಪತ್ರ, ಎಸ್ಟಿಮೇಟು, ಮಂಜೂರಾದ ಪ್ಲಾನು, ಸ್ಟ್ರಕ್ಚರಲ್ ಡ್ರಾಯಿಂಗು, ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟು ಒಂದೇ ಫೈಲಿಗೆ ಬರಲಿ. 'ಚದರಕ್ಕೆ ಇಷ್ಟು' ಎಂದು ಬಾಯಿಮಾತಿನಲ್ಲೇ ಮುಗಿಸಿದವರು ಬಹಳ ಮಂದಿ. ಕರಾರಿಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗಿಲ್ಲ. ವಾಟ್ಸ್ಯಾಪಿನಲ್ಲಿ ಬಂದ ಕೊಟೇಶನ್, ಹಣ ಕಳಿಸಿದ ದಾಖಲೆ, ಸಿಮೆಂಟಿನ ಬ್ರ್ಯಾಂಡ್ ಬಗ್ಗೆ ನಡೆದ ಮಾತುಕತೆ ಇವೂ ನೆರವಿಗೆ ಬರುತ್ತವೆ. ಚಾಟ್ ಅಳಿಸಬೇಡಿ, ಫೋನ್ ಬದಲಿಸಿದರೆ ಹಳೆಯದನ್ನು ಮಾರಬೇಡಿ.

ನಿಜವಾದ ತಲೆನೋವು ಶನಿವಾರದ ಬಟವಾಡೆಗೆಂದು ಕೈಯಲ್ಲಿ ಕೊಟ್ಟ ನಗದು. ಅದಕ್ಕೆ ರಸೀದಿ ಇರುವುದಿಲ್ಲ. ಸಂಬಂಧ ಇನ್ನೂ ಪೂರ್ತಿ ಕೆಟ್ಟಿಲ್ಲದಿದ್ದರೆ ಈಗಲೇ ಒಂದು ಲೆಕ್ಕದ ಪಟ್ಟಿ ಬರೆದು, 'ಇಲ್ಲಿಯವರೆಗೆ ಕೊಟ್ಟದ್ದು ಇಷ್ಟು, ಬಾಕಿ ಇಷ್ಟು, ಸರಿಯಿದೆಯಾ ನೋಡಿ' ಎಂದು ವಾಟ್ಸ್ಯಾಪ್ ಮಾಡಿ. 'ಸರಿ ಸಾರ್' ಎಂಬ ಎರಡು ಪದದ ಉತ್ತರ ಸಾಕು.

ನೀವು ಬರೀ ಲೇಬರ್ ಕಂಟ್ರಾಕ್ಟ್ ಕೊಟ್ಟು ಸಿಮೆಂಟು, ಎಂ-ಸ್ಯಾಂಡು, ಕಂಬಿ ನೀವೇ ತಂದಿದ್ದರೆ ಎಚ್ಚರ. 'ನೀವು ತಂದ ಮಾಲೇ ಸರಿಯಿರಲಿಲ್ಲ' ಎಂಬುದು ಆ ಕಡೆಯ ಮೊದಲ ವಾದ. ಮಾಲಿನ ಬಿಲ್ಲು ಜೋಪಾನ.

ಮೂರನೆಯದು: ಬೇರೆ ಎಂಜಿನಿಯರ್ ಕಣ್ಣಿಗೆ ಬೀಳಲಿ

ಇದಕ್ಕೆ ಮಾತ್ರ ಜಿಪುಣತನ ಬೇಡ. ಕಂಟ್ರಾಕ್ಟರು ಕರೆತಂದವರಲ್ಲ, ನೀವೇ ಹುಡುಕಿದ ಸಿವಿಲ್ ಎಂಜಿನಿಯರಿಂದ ಲಿಖಿತ ವರದಿ ಪಡೆಯಿರಿ. ಎಲ್ಲಿ ಏನಾಗಿದೆ, ಕಾರಣವೇನು, ಹೇಗೆ ಸರಿಪಡಿಸಬೇಕು, ಎಷ್ಟು ಖರ್ಚು ಎಂಬ ನಾಲ್ಕೂ ಅದರಲ್ಲಿರಬೇಕು. ಖರ್ಚಿನ ಅಂದಾಜಿಲ್ಲದ ವರದಿ ಅರ್ಧ ವರದಿ. ಮುಂದೆ ಪರಿಹಾರದ ಅಂಕಿ ನಿಲ್ಲುವುದೇ ಅದರ ಮೇಲೆ. ಕಾಂಕ್ರೀಟಿನ ಬಲದ ಬಗ್ಗೆಯೇ ಅನುಮಾನವಿದ್ದರೆ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ರಿಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗದ್ದು, ಆದರೆ ಅದು ತಟ್ಟಿ ನೋಡುವುದು ಮೇಲ್ಮೈಯನ್ನು ಮಾತ್ರ. ದೊಡ್ಡ ತಕರಾರಾದರೆ ಕೋರ್ (ಕಾಂಕ್ರೀಟನ್ನು ಕೊರೆದು ತೆಗೆದ ಉರುಳೆ ತುಂಡು) ತೆಗೆದು ಪರೀಕ್ಷಿಸುವುದೇ ಗಟ್ಟಿ.

ನಾಲ್ಕನೆಯದು: ಮಾತು, ಆಮೇಲೆ ಪತ್ರ

ವರದಿ ಕೈಯಲ್ಲಿಟ್ಟುಕೊಂಡು ಕಂಟ್ರಾಕ್ಟರನ್ನು ಮನೆಗೆ ಕರೆಯಿರಿ. ಒಂದು ಲೋಟ ಕಾಫಿ ಕೊಡಿ. ಊರಿನಲ್ಲಿ ಇನ್ನೂ ನಾಲ್ಕು ಮನೆ ಕಟ್ಟಬೇಕಾದವರು ಜಗಳ ಬಯಸುವುದಿಲ್ಲ, ವಾಟರ್‌ಪ್ರೂಫಿಂಗು, ಟೈಲ್ಸು, ಗಿಲಾವಿನ ತಕರಾರು ಬಹಳಷ್ಟು ಇಲ್ಲೇ ಬಗೆಹರಿಯುವಂಥವು. ಒಪ್ಪಿದರೆ ಏನು ಮಾಡುತ್ತಾರೆ, ಯಾವ ತಾರೀಕಿನೊಳಗೆ, ಯಾರ ಖರ್ಚಿನಲ್ಲಿ ಎಂದು ಬರೆದು ಇಬ್ಬರೂ ಸಹಿ ಹಾಕಿ.

ಒಪ್ಪದಿದ್ದರೆ ಪತ್ರ. ಅದರಲ್ಲಿ ಬೈಗುಳ ಬೇಡ, ಇಷ್ಟಿದ್ದರೆ ಸಾಕು:

"ದಿನಾಂಕ … ರ ಕರಾರಿನಂತೆ ತಾವು ಕಟ್ಟಿಕೊಟ್ಟ ಮನೆಯ ಮೊದಲ ಮಹಡಿಯ ಬಾತ್‌ರೂಮಿನಿಂದ ನೀರು ಕೆಳಗಿನ ಅಡುಗೆಮನೆಗೆ ಇಳಿಯುತ್ತಿದೆ. ಎಂಜಿನಿಯರ್ ವರದಿ, ಫೋಟೋ ಲಗತ್ತಿಸಿದ್ದೇನೆ. 15 ದಿನದೊಳಗೆ ಬಂದು ನೋಡಿ, 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ತಪ್ಪಿದಲ್ಲಿ ಬೇರೆಯವರಿಂದ ಮಾಡಿಸಿ ಆ ಖರ್ಚನ್ನು ತಮ್ಮಿಂದ ವಸೂಲು ಮಾಡಲು ಕ್ರಮ ಕೈಗೊಳ್ಳುತ್ತೇನೆ."

ಅಂಚೆಯಲ್ಲಿ, ತಲುಪಿದ ದಾಖಲೆ ಸಿಗುವ ಹಾಗೆ ಕಳಿಸಿ. ವಾಟ್ಸ್ಯಾಪಿನಲ್ಲೂ ಒಂದು ಪ್ರತಿ ಹೋಗಲಿ. ಕೊನೆಯ ಕಂತು ಇನ್ನೂ ನಿಮ್ಮ ಬಳಿಯೇ ಇದ್ದರೆ ಅದಕ್ಕಿಂತ ದೊಡ್ಡ ವಕೀಲರಿಲ್ಲ. ಆದರೆ ಸುಮ್ಮನೆ ಹಿಡಿದಿಡಬೇಡಿ. ಯಾವ ದೋಷಕ್ಕಾಗಿ ಎಷ್ಟು ಹಣ ತಡೆದಿದ್ದೀರಿ ಎಂದು ಅದೇ ಪತ್ರದಲ್ಲಿ ಬರೆಯಿರಿ. ಇಲ್ಲವಾದರೆ ನಾಳೆ 'ದುಡ್ಡೇ ಕೊಟ್ಟಿಲ್ಲ, ಅದಕ್ಕೇ ಕೆಲಸ ನಿಲ್ಲಿಸಿದೆ' ಎಂದು ಅವರೇ ನೋಟಿಸ್ ಕಳಿಸುತ್ತಾರೆ.

ಪಾಲಿಕೆಗೆ ದೂರು ಕೊಟ್ಟರೆ ಅದು ನೋಡುವುದು ಪ್ಲಾನ್ ಉಲ್ಲಂಘನೆಯನ್ನು, ಗಿಲಾವಿನ ಗುಣಮಟ್ಟವನ್ನಲ್ಲ. ಕೆಟ್ಟ ಕೆಲಸದ ದೂರನ್ನು ಪೊಲೀಸರು ಸಾಮಾನ್ಯವಾಗಿ 'ಇದು ಸಿವಿಲ್ ವ್ಯವಹಾರ' ಎಂದು ವಾಪಸ್ ಕಳಿಸುತ್ತಾರೆ. ಅಲ್ಲಿ ದಿನ ಕಳೆಯುವುದಕ್ಕಿಂತ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಐದನೆಯದು: ಗ್ರಾಹಕ ಆಯೋಗ

ಮನೆ ಕಟ್ಟಿಕೊಡುವುದು ಕಾನೂನಿನ ಕಣ್ಣಿನಲ್ಲಿ 'ಸೇವೆ'. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲೇ ಗೃಹ ನಿರ್ಮಾಣ ಸೇರಿದೆ. ನೀವು ಕಂಟ್ರಾಕ್ಟರಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ, ಅದಕ್ಕೂ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಇಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಆಯೋಗವಿದೆ. ಕಂಟ್ರಾಕ್ಟರು ಬೆಂಗಳೂರಿನವರಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು.

ಶುಲ್ಕಕ್ಕೆ ಹೆದರಬೇಡಿ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ಆದರೆ ಪಿಲ್ಲರು, ಬೀಮಿನ ಮಟ್ಟದ ತಕರಾರಾದರೆ ಇಟ್ಟುಕೊಳ್ಳುವುದೇ ಲೇಸು. ಕರಾರು ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು.

ಮರೆಯಬಾರದ್ದು ಅವಧಿ: ತಕರಾರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. 'ದೀಪಾವಳಿ ಆದಮೇಲೆ ಹುಡುಗರನ್ನ ಕಳಿಸ್ತೀನಿ', 'ಸಂಕ್ರಾಂತಿ ಆಗ್ಲಿ' ಎನ್ನುತ್ತಲೇ ಇದು ಕರಗಿಹೋಗುತ್ತದೆ. ನೀವು ಪತ್ರದ ಮೇಲೆ ಪತ್ರ ಬರೆದರೂ ಗಡಿಯಾರ ನಿಲ್ಲುವುದಿಲ್ಲ.

ದೂರಿನಲ್ಲಿ ದುರಸ್ತಿ ಖರ್ಚು, ಬಾಡಿಗೆ ಮನೆಗೆ ಹೋಗಬೇಕಾಗಿ ಬಂದಿದ್ದರೆ ಆ ಬಾಡಿಗೆ, ಮಾನಸಿಕ ಕಿರುಕುಳಕ್ಕೆ ಪರಿಹಾರ, ವ್ಯಾಜ್ಯದ ಖರ್ಚು ಕೇಳಬಹುದು. ಎರಡು ಲಕ್ಷದ ದುರಸ್ತಿಗೆ ಇಪ್ಪತ್ತು ಲಕ್ಷ ಬರೆದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ತೀರ್ಮಾನಕ್ಕೆ ಕಾಯ್ದೆ ಹೇಳುವ ಗಡುವು 3 ತಿಂಗಳು, ಪರೀಕ್ಷೆ ಬೇಕಾದರೆ 5. ಅಷ್ಟರಲ್ಲೇ ಮುಗಿಯುತ್ತದೆಂದು ಕ್ಯಾಲೆಂಡರ್ ಗುರುತು ಮಾಡಿಕೊಳ್ಳಬೇಡಿ. ನಡುವೆ ಆಯೋಗವೇ ರಾಜಿ ಸಂಧಾನಕ್ಕೆ ಕಳಿಸಿದರೆ ಮುಖ ತಿರುಗಿಸಬೇಡಿ.

ಬಿಲ್ಡರ್‌ನಿಂದ ಫ್ಲ್ಯಾಟನ್ನೋ ವಿಲ್ಲಾವನ್ನೋ ಕೊಂಡವರ ದಾರಿ ಬೇರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯ ಯೋಜನೆಯಾಗಿದ್ದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14(3) ಕಲಮಿನಂತೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ತೋರಿಸಿಕೊಟ್ಟ ಕಟ್ಟಡದ ದೋಷವನ್ನು ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಸ್ವಂತ ಸೈಟಿನಲ್ಲಿ ಕಂಟ್ರಾಕ್ಟ್ ಕೊಟ್ಟು ಕಟ್ಟಿಸಿಕೊಂಡವರಿಗೆ ಇದು ಅನ್ವಯಿಸುವುದಿಲ್ಲ.

ಮಳೆ ಕಾಯುವುದಿಲ್ಲವಲ್ಲ?

ಕಾಯುವುದಿಲ್ಲ. ಸೋರುವ ತಾರಸಿಯ ಕೆಳಗೆ ಬಕೆಟ್ ಇಟ್ಟುಕೊಂಡು ತೀರ್ಪಿಗೆ ಕೂರಲಾಗದು. ದುರಸ್ತಿ ಮಾಡಿಸಿ, ಆದರೆ ಕ್ರಮವಾಗಿ. 'ಇಂಥ ದಿನ ತಾರಸಿ ಒಡೆಸುತ್ತಿದ್ದೇನೆ, ನೋಡಬೇಕಿದ್ದರೆ ಬನ್ನಿ' ಎಂದು ಕಂಟ್ರಾಕ್ಟರಿಗೆ ಮೊದಲೇ ಬರೆದು ತಿಳಿಸಿ. ನಿಮ್ಮ ಎಂಜಿನಿಯರ್ ಎದುರಿಗಿರಲಿ. ಒಡೆಯುವಾಗ ಪದರ ಪದರವಾಗಿ ವಿಡಿಯೋ ತೆಗೆಯಿರಿ, ಒಂದೆರಡು ತುಂಡು ಕವರಿಗೆ ಹಾಕಿ ತಾರೀಕು ಬರೆದಿಡಿ, ಹೊಸ ಮೇಸ್ತ್ರಿಯಿಂದ ಬಿಲ್ಲು ಪಡೆಯಿರಿ. ಇಷ್ಟು ಮಾಡದಿದ್ದರೆ 'ನಾನು ಮಾಡಿದ್ದು ಚೆನ್ನಾಗೇ ಇತ್ತು, ಆಮೇಲೆ ಬಂದವನು ಕೆಡಿಸಿದ' ಎಂಬ ಮಾತಿಗೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಆದೇಶ ನಿಮ್ಮ ಪರ ಬಂದ ಮೇಲೂ ಹಣ ಕೊಡದೆ ಸತಾಯಿಸಿದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಮಿನಲ್ಲಿ 1 ತಿಂಗಳಿನಿಂದ 3 ವರ್ಷದವರೆಗೆ ಸಜೆ, ಇಲ್ಲವೇ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಜಿಲ್ಲಾ ಆಯೋಗದ ಆದೇಶದ ಮೇಲೆ ಕಂಟ್ರಾಕ್ಟರು ಮೇಲ್ಮನವಿ ಹೋಗುವುದಾದರೆ 45 ದಿನದೊಳಗೆ ಹೋಗಬೇಕು, ಅದಕ್ಕೂ ಮೊದಲು ಆದೇಶವಾದ ಹಣದ ಅರ್ಧವನ್ನು ಠೇವಣಿ ಇಡಬೇಕು. ಅಲ್ಲಿಯವರೆಗೆ ಫೋನ್ ಎತ್ತದವರೂ ಈ ಹಂತದಲ್ಲಿ 'ಕೂತು ಮಾತಾಡೋಣ ಸಾರ್' ಎನ್ನುವುದುಂಟು. ಮಾತಾಡಿ, ಆದರೆ ಹಣ ಖಾತೆಗೆ ಬೀಳುವ ಮುನ್ನ ಜಾರಿ ಅರ್ಜಿ ವಾಪಸ್ ತೆಗೆಯಬೇಡಿ.