ವೃದ್ಧಾಶ್ರಮದಲ್ಲಿ ‘ಬೇಕಾದಾಗ ಕೊಡಿ’ ಮಾತ್ರೆ: ಚೀಟಿಯಲ್ಲಿ ಕೊನೆಯ ದಿನ ಬರೆಸಿಕೊಳ್ಳಿ

ಡಾಕ್ಟರ ಚೀಟಿಯಲ್ಲಿ ‘ಗಲಾಟೆ ಮಾಡಿದರೆ ಲೊರಾಜೆಪಾಮ್ (ಆತಂಕ ಇಳಿಸಿ ನಿದ್ದೆ ಬರಿಸುವ ಮಾತ್ರೆ) ಒಂದು’ ಅಂತಷ್ಟೇ ಇದ್ದರೆ ಅದನ್ನು ಸುಮ್ನೆ ಫೈಲಿಗೆ ಸೇರಿಸಬೇಡಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಯಾವ ಲಕ್ಷಣಕ್ಕೆ, ಎಷ್ಟು ಮಿಲಿಗ್ರಾಂ, ಎರಡು ಡೋಸಿನ ನಡುವೆ ಎಷ್ಟು ಗಂಟೆ, ದಿನಕ್ಕೆ ಹೆಚ್ಚೆಂದರೆ ಎಷ್ಟು, ಯಾವ ತಾರೀಖಿನವರೆಗೆ? ‘ಸ್ನಾನ ಮಾಡಿಸುವಾಗ ಸಿಬ್ಬಂದಿಗೆ ಹೊಡೆಯುತ್ತಾರೆ’ ಅಂತ ಬಿಡಿಸಿ ಬರೆದಿದ್ದರೆ ರಾತ್ರಿ ಪಾಳಿಯವರಿಗೂ ಗೊಂದಲ ಇರುವುದಿಲ್ಲ.

ಕೊನೆಯ ದಿನ ಇಲ್ಲದ ಚೀಟಿಯೇ ದೊಡ್ಡ ಅಪಾಯ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ 2017ರ ನವೆಂಬರ್ 28ರಿಂದ ಮನಸ್ಸಿನ ಮೇಲೆ ಕೆಲಸ ಮಾಡುವ ಇಂಥ ‘ಬೇಕಾದಾಗ’ ಮಾತ್ರೆಗಳಿಗೆ 14 ದಿನದ ಮಿತಿ ಇದೆ. ನಿದ್ದೆ, ಆತಂಕದ ಮಾತ್ರೆಯಾದರೆ ಡಾಕ್ಟರ್ ಕಾರಣವನ್ನೂ ಅವಧಿಯನ್ನೂ ಬರೆದು ಮುಂದುವರಿಸಬಹುದು. ಹ್ಯಾಲೊಪೆರಿಡಾಲ್, ಕ್ವೆಟಿಯಾಪಿನ್ ಥರದ ಆ್ಯಂಟಿಸೈಕೋಟಿಕ್ (ಭ್ರಮೆಯಂಥ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಔಷಧಿ) ಆದರೆ ಖುದ್ದಾಗಿ ನೋಡಿಯೇ ಹೊಸ ಚೀಟಿ ಬರೆಯಬೇಕು. ಆ ನಿಯಮ ನಮಗೆ ಅನ್ವಯಿಸುವುದಿಲ್ಲ, ನಿಜ. ಆದರೂ ನಮ್ಮ ಆಶ್ರಮಗಳು ಇದನ್ನೇ ಪಾಲಿಸಬೇಕು ಅಂತ ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಮರೆವಿನ ಕಾಯಿಲೆಯ ಹಿರಿಯರಿಗೆ ಆ್ಯಂಟಿಸೈಕೋಟಿಕ್ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ, ಲೊರಾಜೆಪಾಮ್ ಕೊಟ್ಟರೆ ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವ ಭಯ ಜಾಸ್ತಿ.

ಮಾತ್ರೆಗೆ ಮುಂಚೆ ಕಾರಣ ಹುಡುಕಿ. ನೋವಿದೆಯಾ, ಮಲಬದ್ಧತೆಯಾ, ಮೂತ್ರದ ಸೋಂಕಾ, ಹೊಸ ಔಷಧಿ ಶುರುವಾಗಿದೆಯಾ, ಕನ್ನಡಕ ಎಲ್ಲೋ ಉಳಿದಿದೆಯಾ? ಕೊಡಗಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಸಂಜೆಗೆ ಮೊದಲೇ ಕತ್ತಲಾಗುತ್ತದೆ, ಕರೆಂಟ್ ಹೋಗುತ್ತದೆ, ಚಳಿಗೆ ಅಜ್ಜ ಅಜ್ಜಿಯರು ನೀರೂ ಕುಡಿಯುವುದಿಲ್ಲ. ಗಾಬರಿ ಆಗದೇ ಇರುತ್ತದಾ? ನಾಲ್ಕು ಗಂಟೆಗೇ ಲೈಟ್ ಹಾಕಿ, ಬಿಸಿನೀರು ಕುಡಿಸಿ, ಚಾರ್ಜ್ ಆದ ಲ್ಯಾಂಪ್ ಹತ್ತಿರ ಇಡಿ. ಇನ್ನೊಂದು ವಿಷಯ, ಮರೆವು ಬಂದವರು ಎಷ್ಟೋ ಸಲ ಮನೆಮಾತಿಗೇ ಮರಳುತ್ತಾರೆ. ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ಹೊಟ್ಟೆನೋವು ಅಂತ ಕೂಗುತ್ತಿದ್ದರೆ ಆ ಭಾಷೆ ಬಾರದ ಸಿಬ್ಬಂದಿಗೆ ಅದು ಬರೀ ಗಲಾಟೆಯಾಗಿ ಕಾಣುತ್ತದೆ, ಅಲ್ವಾ? ಭಾಷೆ ಬಲ್ಲ ಒಬ್ಬರನ್ನು ಕರೆಸಿ.

ಕೊಡಲೇಬೇಕಾಯಿತು ಅಂದರೆ ಸಮಯ, ಕಾರಣ, ಮೊದಲು ಏನು ಮಾಡಿ ನೋಡಿದಿರಿ, ಒಂದು ಗಂಟೆಯ ನಂತರ ಹೇಗಿದ್ದರು, ಎಲ್ಲ ಬರೆಯಿರಿ. ಪ್ರತಿ ರಾತ್ರಿ ಕೊಡುವಂತಾಗಿದ್ದರೆ ಅದು ‘ಬೇಕಾದಾಗ’ ಅಲ್ಲ, ಡಾಕ್ಟರಿಗೆ ತಿಳಿಸಿ. ನೀವೇ ಒಮ್ಮೆಲೇ ನಿಲ್ಲಿಸಬೇಡಿ. ದಿನವೂ ತೆಗೆದುಕೊಂಡ ಲೊರಾಜೆಪಾಮ್ ಥಟ್ಟನೆ ನಿಂತರೆ ಫಿಟ್ಸ್ ಬರಬಹುದು, ಡೋಸ್ ನಿಧಾನವಾಗಿ ಇಳಿಸಬೇಕು. ಗುಡ್ಡ ಕುಸಿದು ರಸ್ತೆ ಬಂದ್ ಆಗುವ ದಿನಗಳೂ ಇರುತ್ತವೆ, ಆದ್ದರಿಂದ ಚೀಟಿಯ ಅವಧಿ ಮುಗಿಯುವ ಎರಡು ದಿನ ಮೊದಲೇ ಡಾಕ್ಟರನ್ನು ಕರೆಸಿ.