ಕಷ್ಟ ಹೆಚ್ಚಿದಂತೆ ಮಿದುಳಿನ ಅಲೆ: ಇಇಜಿಯಲ್ಲಿ ಅಳೆಯುವ ಬಗೆ

ಇಇಜಿ ಎಂದರೆ ನೆತ್ತಿಗೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು. ನೆನಪಿನ ಹೊರೆ (ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬೇಕಾದದ್ದು) ಹೆಚ್ಚಿದಂತೆ ನೆತ್ತಿಯ ಮುಂಭಾಗದ ನಡುವಿನಲ್ಲಿ ಥೀಟಾ ಅಲೆ (4–8 ಹರ್ಟ್ಸ್) ಏರುತ್ತದೆ, ನೆತ್ತಿಯ ಹಿಂಭಾಗದಲ್ಲಿ ಆಲ್ಫಾ (8–12 ಹರ್ಟ್ಸ್) ಇಳಿಯುತ್ತದೆ. ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಎರಡು ಚಾನೆಲ್ (ಅಲೆ ಅಳೆಯುವ ಜಾಗ) ಸಾಕು.

ಎಣ್ಣೆಗೂದಲಿನಲ್ಲಿ ಎಲೆಕ್ಟ್ರೋಡ್ ಕಚ್ಚುವುದಿಲ್ಲ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು, ಬೆಳಿಗ್ಗೆ ಎಣ್ಣೆ ಮುಟ್ಟಿಸದೆ ಬರಲು ಹೇಳಿ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಟೇಪಿನಲ್ಲಿ ಅಳೆಯಿರಿ. 36 ಸೆಂ.ಮೀ. ಬಂದರೆ 10.8ಕ್ಕೆ (30%) ಮುಂಭಾಗದ ಬಿಂದು ಎಫ್‌ಜೆಡ್, 25.2ಕ್ಕೆ (70%) ಹಿಂಭಾಗದ ಬಿಂದು ಪಿಜೆಡ್. ಹೋಲಿಕೆಗೆ ಬೇಕಾದ ರೆಫರೆನ್ಸ್ ಎಲೆಕ್ಟ್ರೋಡ್ ಕಿವಿಯ ಹಿಂದಿನ ಮೂಳೆಗೆ, ಗ್ರೌಂಡ್ ಎಲೆಕ್ಟ್ರೋಡ್ ಹಣೆಗೆ. ಇಂಪೀಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗಿಳಿಯುವವರೆಗೆ ಚರ್ಮ ಉಜ್ಜಿ ಜೆಲ್ ತುಂಬಿ.

ಏಪ್ರಿಲ್ ಸೆಕೆಯಲ್ಲಿ ನೆತ್ತಿ ಬೆವರಿದರೆ ಇಇಜಿ ಗೆರೆ ನಿಧಾನವಾಗಿ ತೇಲಾಡುತ್ತದೆ, ಬೆಳಿಗ್ಗೆಯೇ ಮುಗಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರ್ ಕಿತ್ತಿಡಿ: ಕೂತವರಿಗೂ ಕ್ಷೇಮ, ಕರೆಂಟ್ ಲೈನಿನ 50 ಹರ್ಟ್ಸ್ ಗದ್ದಲವೂ ತಗ್ಗುತ್ತದೆ. ಮೊದಲು ಕಣ್ಣು ಮುಚ್ಚಿಸಿ ನೋಡಿ. ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್ 1929ರಲ್ಲಿ ವರದಿ ಮಾಡಿದ ಆಲ್ಫಾ ಪಿಜೆಡ್‌ನಲ್ಲಿ ಉಬ್ಬಿ, ಕಣ್ಣು ಬಿಟ್ಟಾಗ ಕುಗ್ಗಬೇಕು. ಬಹುತೇಕರಲ್ಲಿ ಇದು ಸ್ಪಷ್ಟ. ಕಾಣದಿದ್ದರೆ ಜೆಲ್, ವೈರು ಮತ್ತೆ ನೋಡಿ.

ಎಡವುವುದು ಹೆಚ್ಚಾಗಿ ಮುಂದಿನ ಹಂತದಲ್ಲಿ, ಅಂದರೆ ನೆನಪಿನ ಪರೀಕ್ಷೆಯಲ್ಲಿ. ಪರದೆಯಲ್ಲಿ ಪ್ರತಿ 2.5 ಸೆಕೆಂಡಿಗೊಂದು ಅಕ್ಷರ, ಅರ್ಧ ಸೆಕೆಂಡು ಮಾತ್ರ. ಸುಲಭ ಸುತ್ತಿನಲ್ಲಿ ಹಿಂದಿನ ಅಕ್ಷರವೇ ಬಂದರೆ, ಕಷ್ಟದಲ್ಲಿ ಎರಡು, ಇನ್ನೂ ಕಷ್ಟದಲ್ಲಿ ಮೂರು ಅಕ್ಷರ ಹಿಂದಿನದು ಬಂದರೆ ಗುಂಡಿ ಒತ್ತಬೇಕು. ಸುತ್ತಿಗೆ 48 ಅಕ್ಷರ, ಅದರಲ್ಲಿ 16 ಸರಿಹೊಂದುವವು. ಬದಲಾಗಬೇಕಾದದ್ದು ನೆನಪಿನ ಹೊರೆಯೊಂದೇ. ಅಕ್ಷರದ ಗಾತ್ರ, ಬೆಳಕು, ಒತ್ತಬೇಕಾದ ಸಲ ಎಲ್ಲವೂ ಒಂದೇ ಇರಲಿ. ಪ, ಷ, ಘ ಒಟ್ಟಿಗೆ ಬೇಡ, ಬ–ಭ ಕೂಡ ಬೇಡ. ಗುರುತಿಸುವ ತಡವರಿಕೆ ನೆನಪಿನ ಹೊರೆಯ ಜೊತೆ ಕಲಸಿಹೋಗುತ್ತದೆ. ಅ, ಕ, ಜ, ಮ, ರ, ಸ ಸಾಕು. ಸುತ್ತುಗಳ ಕ್ರಮವನ್ನು ಒಬ್ಬೊಬ್ಬರಿಗೂ ಬದಲಿಸಿ: ಕಷ್ಟದ್ದು ಸದಾ ಕೊನೆಗೆ ಬಂದರೆ ಏರಿದ ಥೀಟಾ ತೂಕಡಿಕೆಯದೂ ಇರಬಹುದು.

1–40 ಹರ್ಟ್ಸ್ ಫಿಲ್ಟರ್ ಹಾಕಿ, 2 ಸೆಕೆಂಡಿನ ತುಂಡು ಮಾಡಿ, 100 ಮೈಕ್ರೋವೋಲ್ಟ್ ದಾಟಿದ್ದನ್ನು ಬಿಸಾಕಿ. ರೆಪ್ಪೆ ಬಡಿತ ಹೆಚ್ಚಾಗಿ ಅಲ್ಲೇ ಹೋಗುತ್ತದೆ. ಉಳಿದವುಗಳಲ್ಲಿ ಎಫ್‌ಜೆಡ್ ಥೀಟಾದ ಶಕ್ತಿಯನ್ನು (ಪವರ್) ಪಿಜೆಡ್ ಆಲ್ಫಾದ ಶಕ್ತಿಯಿಂದ ಭಾಗಿಸಿ, ಒಬ್ಬರದೇ ಸುತ್ತುಗಳನ್ನು ಹೋಲಿಸಿ. ತಲೆಬುರುಡೆಯ ದಪ್ಪ ಬೇರೆ ಬೇರೆ, ಆದ್ದರಿಂದ ಇಬ್ಬರ ಸಂಖ್ಯೆಗಳನ್ನು ಪಕ್ಕಪಕ್ಕ ಇಡುವುದು ತಪ್ಪು.

ಮೂರು ಅಕ್ಷರ ಹಿಂದಿನದರ ಸುತ್ತಿನಲ್ಲಿ ಈ ಅನುಪಾತ ಇಳಿದರೆ ಗಾಬರಿ ಬೇಡ, ಸರಿಯುತ್ತರಗಳನ್ನು ಎಣಿಸಿ. ಅವೂ ಕುಸಿದಿದ್ದರೆ, ಕೂತವರು ಪ್ರಯತ್ನ ಕೈಬಿಟ್ಟಿರುವ ಸಾಧ್ಯತೆ ಹೆಚ್ಚು. ಆ ಸುತ್ತನ್ನು ಕಷ್ಟದ ಅಳತೆಗೆ ಸೇರಿಸಬೇಡಿ.